ಡಾಟ್ ಇನ್: ಹೆಸರು ಯಾರದು, ದಾಖಲೆ ಯಾರದು?

ಅಹಮದಾಬಾದಿನ ಈಶಾನ್ಯ ಅಂಚಿನಲ್ಲಿರುವ ನರೋಡಾ, ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮ ಮೊದಮೊದಲು ಕಟ್ಟಿದ ವಸಾಹತುಗಳಲ್ಲೊಂದು. ವಟ್ವಾ, ಓಢವ್‌ಗಳಂತೆ ಇಲ್ಲಿಯೂ ಬಟ್ಟೆಗೆ ಹಾಕುವ ಬಣ್ಣ ಮತ್ತು ಅದಕ್ಕೆ ಬೇಕಾದ ರಾಸಾಯನಿಕ ತಯಾರಿಸುವ ಸಣ್ಣ, ಮಧ್ಯಮ ಘಟಕಗಳು ಸಾಲುಸಾಲಾಗಿವೆ. ಇವುಗಳ ಸರಕು ಸೂರತ್‌ನ ಬಟ್ಟೆ ಗಿರಣಿಗಳಿಗೂ ಹೋಗುತ್ತದೆ, ಹಡಗು ಹತ್ತಿ ಹೊರದೇಶಕ್ಕೂ ಹೋಗುತ್ತದೆ. ಇಂಥ ಘಟಕಕ್ಕೆ ಜಾಗದ ಕಾಗದ ಇರುತ್ತದೆ, ವಿದ್ಯುತ್ ಮೀಟರಿನ ಮೇಲೆ ಹೆಸರಿರುತ್ತದೆ, ಜಿಎಸ್‌ಟಿ ಸಂಖ್ಯೆ ಇರುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ ಇರುತ್ತದೆ. ಇದೆಲ್ಲವೂ ಮಾಲೀಕರ ಕಪಾಟಿನಲ್ಲಿ, ಮಾಲೀಕರ ಹೆಸರಿನಲ್ಲೇ ಇರುತ್ತದೆ. ಆದರೆ ಬಿಲ್ಲಿನ ತಲೆಯ ಮೇಲೆ ಅಚ್ಚಾಗುವ ವೆಬ್‌ಸೈಟ್ ವಿಳಾಸ, ವಿದೇಶಿ ಗ್ರಾಹಕ ಆರ್ಡರ್ ಕಳಿಸುವ ಇಮೇಲಿನ ಕೊನೆಯ ಭಾಗ, ಅಂದರೆ ಡೊಮೈನ್, ಯಾರ ಹೆಸರಿನಲ್ಲಿದೆ? ಸಣ್ಣ ಉದ್ದಿಮೆಗಳಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಹಲವು ಸಲ ಒಂದೇ: ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ. ಅವನ ಇಮೇಲ್, ಅವನ ಮೊಬೈಲ್, ಅವನ ಪಾಸ್‌ವರ್ಡ್. ಮಾಲೀಕರು ವರ್ಷಕ್ಕೊಮ್ಮೆ ಅವನಿಗೆ ದುಡ್ಡು ಕೊಡುತ್ತಾರೆ. ಅವನು ಕೆಲಸ ಬಿಟ್ಟರೆ, ಊರು ಬದಲಿಸಿದರೆ, ಜಗಳವಾಡಿದರೆ, ವಿಳಾಸವೂ ಅವನ ಹಿಂದೆಯೇ ಹೋಗುತ್ತದೆ.

ದೇಶದ ಡೊಮೈನ್ ಆದ ಡಾಟ್ ಇನ್‌ನ ಆಡಳಿತದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುಪಾಲು ದೊಡ್ಡ ಮಾತುಗಳದ್ದು. ಸರ್ವರ್ ಎಲ್ಲಿದೆ, ಗುತ್ತಿಗೆ ಯಾವ ದೇಶದ ಕಂಪನಿಗೆ ಹೋಯಿತು, ನಮ್ಮ ಸಾರ್ವಭೌಮತೆ ಏನಾಯಿತು ಎಂಬುದರ ಸುತ್ತಲೇ ಅದು ತಿರುಗುತ್ತದೆ. ಅವು ಕೇಳಬಾರದ ಪ್ರಶ್ನೆಗಳಲ್ಲ. ಆದರೆ ರಿಜಿಸ್ಟ್ರಿ ಎಂಬುದು ಮೂಲತಃ ಒಂದು ದಾಖಲೆ ಕಚೇರಿ. ಪಹಣಿಯಲ್ಲಿ ಯಾರ ಹೆಸರಿದೆಯೋ ಹೊಲ ಅವರದು ಎಂದು ಜಗತ್ತು ನಂಬುವ ಹಾಗೆ, ರಿಜಿಸ್ಟ್ರಿಯ ಕಡತದಲ್ಲಿ ಯಾರ ಹೆಸರಿದೆಯೋ ಡೊಮೈನ್ ಅವರದು ಎಂದೇ ಇಂಟರ್‌ನೆಟ್ ನಂಬುತ್ತದೆ. ಆದ್ದರಿಂದ ಡಾಟ್ ಇನ್ ಆಡಳಿತವನ್ನು ಅಳೆಯಬೇಕಾದ ಮೊದಲ ಅಳತೆ ಆ ಕಡತ ಎಷ್ಟು ನಿಜ ಮತ್ತು ಅದರ ಲಾಭ ಯಾರಿಗೆ ಸಿಗುತ್ತದೆ ಎಂಬುದು. ಈ ಅಳತೆಯಲ್ಲಿ ಡಾಟ್ ಇನ್ ಅರ್ಧ ಪಾಸಾಗಿದೆ ಎಂಬುದು ಈ ಲೇಖನದ ವಾದ. ಬಾಗಿಲು ತೆರೆಯುವ ಕೆಲಸವನ್ನು ಅದು ಚೆನ್ನಾಗಿ ಮಾಡಿತು. ಒಳಗೆ ಬಂದವರ ಹೆಸರು ಸರಿಯಾಗಿ ಬರೆದುಕೊಳ್ಳುವ ಕೆಲಸ ಇನ್ನೂ ಬಾಕಿ ಇದೆ. ಈಗ ಬರೆದುಕೊಳ್ಳಲು ಹೊರಟಾಗಲೂ ಅದು ಪೊಲೀಸರ ಕಣ್ಣಿನಿಂದ ನೋಡುತ್ತಿದೆಯೇ ಹೊರತು ನರೋಡಾದ ಮಾಲೀಕರ ಕಣ್ಣಿನಿಂದಲ್ಲ.

ಬಾಗಿಲು ತೆರೆದ ಕಥೆಯನ್ನು ಮೊದಲು ನೋಡಬೇಕು. ಡಾಟ್ ಇನ್ ಹುಟ್ಟಿದ್ದು 1989ರ ಮೇ ತಿಂಗಳಲ್ಲಿ. ಆಗ ಭಾರತದಲ್ಲಿ ಇಂಟರ್‌ನೆಟ್ ಎಂದರೆ ಎರ್ನೆಟ್: ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈನ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಮತ್ತು ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆಯನ್ನು ಜೋಡಿಸಿದ ಜಾಲ. ಡೊಮೈನ್ ಉಸ್ತುವಾರಿಯೂ ಆ ಮುಂಬೈ ಕೇಂದ್ರದ್ದೇ. ಕೊಡುವವರು ವಿಜ್ಞಾನಿಗಳು, ಪಡೆಯುವವರು ಸಂಸ್ಥೆಗಳು. ಯಾರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಕಡತ ನಿಜವಾಗಿತ್ತು, ಆದರೆ ತೀರಾ ಚಿಕ್ಕದಾಗಿತ್ತು. ಕಾಗದಪತ್ರ ಕೊಟ್ಟು ಅರ್ಹತೆ ತೋರಿಸಿ ಕಾಯಬೇಕಾದ್ದರಿಂದ 2005ರ ಆರಂಭದ ಹೊತ್ತಿಗೆ ಇಡೀ ದೇಶದಲ್ಲಿ ನೋಂದಣಿಯಾಗಿದ್ದ ಡಾಟ್ ಇನ್ ಹೆಸರುಗಳು ಸುಮಾರು 7,000 ಮಾತ್ರ. ವ್ಯಾಪಾರಿಗಳೆಲ್ಲ ಡಾಟ್ ಕಾಮ್ ಹಿಡಿದು ಹೋಗಿದ್ದರು. 2003ರಲ್ಲಿ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ, ಲಾಭದ ಉದ್ದೇಶವಿಲ್ಲದ ಕಂಪನಿಯಾಗಿ ಸ್ಥಾಪನೆಯಾಯಿತು. ದೇಶದೊಳಗಿನ ಸೇವಾದಾರರು ಪರಸ್ಪರ ಸಂಚಾರವನ್ನು ಇಲ್ಲೇ ಬದಲಾಯಿಸಿಕೊಳ್ಳಲಿ ಎಂಬುದು ಅದರ ಮೂಲ ಕೆಲಸ. ಅದರ ವಿನಿಮಯ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು, ಅಹಮದಾಬಾದಿನದೂ ಒಂದು. 2005ರ ಜನವರಿ 1ರಿಂದ ಡಾಟ್ ಇನ್ ರಿಜಿಸ್ಟ್ರಿಯೂ ಅದರ ಕೈಗೆ ಬಂತು. ಟ್ರೇಡ್‌ಮಾರ್ಕ್ ಇದ್ದವರಿಗೆ ಮೊದಲು ಮೂರು ವಾರ ಅವಕಾಶ ಕೊಟ್ಟು, ಫೆಬ್ರವರಿ 16ರಂದು ಎಲ್ಲರಿಗೂ ಬಾಗಿಲು ತೆರೆಯಲಾಯಿತು. ನಿಕ್ಸಿ ನೇರವಾಗಿ ಮಾರುವುದಿಲ್ಲ. ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳು ಮಾರುತ್ತಾರೆ, ಅವರ ಕೆಳಗೆ ಮರುಮಾರಾಟಗಾರರು, ಅವರ ಕೆಳಗೆ ನಮ್ಮ ವೆಬ್ ಡಿಸೈನರ್ ಹುಡುಗ. 2010ರ ಮಾರ್ಚ್ ಹೊತ್ತಿಗೆ ಹೆಸರುಗಳು 6 ಲಕ್ಷ ದಾಟಿದವು. ಇಂದು 40 ಲಕ್ಷದ ಮೇಲಿವೆ. ಅಷ್ಟು ಜನರಿಗೆ ಅಗ್ಗವಾಗಿ, ನಿಮಿಷಗಳಲ್ಲಿ ವಿಳಾಸ ಸಿಕ್ಕಿದ್ದು ಆ ತೀರ್ಮಾನದಿಂದ. ಅದನ್ನು ಹಳಿಯಲು ನನಗೆ ಕಾರಣ ಕಾಣುವುದಿಲ್ಲ.

ಇಲ್ಲಿಯೇ ಮೊದಲ ಆಕ್ಷೇಪ ಎದುರಾಗುತ್ತದೆ. ಬಾಗಿಲು ತೆರೆದದ್ದು ಸರಿ, ಬೀಗದ ಕೈ ಪರದೇಶದ ಕಂಪನಿಗೆ ಕೊಟ್ಟದ್ದು ಸರಿಯೇ? ರಿಜಿಸ್ಟ್ರಿಯ ಯಂತ್ರಭಾಗವನ್ನು 2005ರಿಂದ ನಡೆಸಿದ್ದು ಐರ್ಲೆಂಡ್ ಮೂಲದ ಅಫಿಲಿಯಾಸ್. 2019ರಲ್ಲಿ ಅದು ಅಮೆರಿಕದ ನ್ಯೂಸ್ಟಾರ್‌ಗೆ ಹೋಯಿತು. ಮರುವರ್ಷ ನ್ಯೂಸ್ಟಾರ್‌ನ ಆ ವಿಭಾಗವನ್ನೇ ಗೋಡ್ಯಾಡಿ ಕೊಂಡಿತು. 2025ರಲ್ಲಿ ಕೆಲಸ ಕೆನಡಾದ ಟೂಕೌಸ್‌ಗೆ ಬಂತು. ಸಾಫ್ಟ್‌ವೇರ್ ರಫ್ತು ಮಾಡುವ ದೇಶ ತನ್ನದೇ ಡೊಮೈನ್ ನಡೆಸಲಾರದೇ ಎಂದು ಕೇಳುವುದು ಸಹಜ. ಆದರೆ ಈ ಇತಿಹಾಸವನ್ನು ತಿರುಗಿಸಿ ಓದಿ ನೋಡಿ. ಗುತ್ತಿಗೆದಾರ ಬದಲಾದ, ಕಂಪನಿಯೇ ಮಾರಾಟವಾಯಿತು, ಮತ್ತೆ ಬದಲಾದ. ಲಕ್ಷಾಂತರ ಹೆಸರುಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋದವು, ಆದರೂ ಹೆಚ್ಚಿನ ಬಳಕೆದಾರರಿಗೆ ಅದು ಗೊತ್ತೇ ಆಗಲಿಲ್ಲ. ಹಿಡಿತ ಯಾರ ಕೈಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ನಿಯಮ ಬರೆಯುವುದು, ಟೆಂಡರ್ ಕರೆಯುವುದು, ಗುತ್ತಿಗೆದಾರನನ್ನು ಬಿಡಿಸುವುದು ದೆಹಲಿಯಲ್ಲೇ ನಡೆದಿದೆ. ಡೊಮೈನ್ ವ್ಯವಸ್ಥೆಯ ಆದ್ಯರಲ್ಲೊಬ್ಬರಾದ ಜಾನ್ ಪೋಸ್ಟೆಲ್ 1994ರಲ್ಲಿ ಬರೆದ ಕೈಪಿಡಿ, ದೇಶದ ಡೊಮೈನ್ ನಡೆಸುವವರನ್ನು ಮಾಲೀಕರೆಂದು ಕರೆಯದೆ ಆ ದೇಶದ ಮತ್ತು ಜಗತ್ತಿನ ಇಂಟರ್‌ನೆಟ್ ಸಮುದಾಯದ ಪರವಾಗಿ ಹೊಣೆ ಹೊತ್ತ ಟ್ರಸ್ಟಿ ಎಂದು ಕರೆದಿತ್ತು. ಟ್ರಸ್ಟಿ ಗುಮಾಸ್ತನನ್ನು ಹೊರಗಿನಿಂದ ತರಬಹುದು. ಟ್ರಸ್ಟನ್ನೇ ಗುಮಾಸ್ತನಿಗೆ ಬರೆದುಕೊಟ್ಟರೆ ಏನಾಗುತ್ತದೆ ಎಂಬುದನ್ನು ಪೆಸಿಫಿಕ್‌ನ ಪುಟ್ಟ ಟೊಕೆಲಾವ್‌ನ ಡಾಟ್ ಟಿಕೆ ತೋರಿಸಿದೆ. ಡಚ್ ಕಂಪನಿಯೊಂದು ಅದರ ಹೆಸರುಗಳನ್ನು ಪುಕ್ಕಟೆ ಹಂಚಿತು, ಯಾರು ಪಡೆದರೆಂದು ಕೇಳಲಿಲ್ಲ. ಡಾಟ್ ಟಿಕೆ ವಂಚಕರ ನೆಚ್ಚಿನ ತಾಣವಾಯಿತು. 2023ರಲ್ಲಿ ಮೆಟಾ ಕಂಪನಿ ಮೊಕದ್ದಮೆ ಹೂಡಿತು, ಪುಕ್ಕಟೆ ನೋಂದಣಿ ನಿಂತಿತು. ಅಲ್ಲಿ ಕೆಟ್ಟದ್ದು ಕಂಪನಿ ಪರದೇಶದ್ದು ಎಂಬ ಕಾರಣಕ್ಕಲ್ಲ, ಕಡತ ಸುಳ್ಳಾಗಿತ್ತು ಎಂಬ ಕಾರಣಕ್ಕೆ.

ಕಡತ ಸುಳ್ಳಾದಾಗ ಹೊಡೆತ ಯಾರಿಗೆ ಬೀಳುತ್ತದೆ ಎಂಬುದಕ್ಕೆ ಗುಜರಾತಿನದೇ ಪ್ರಕರಣವಿದೆ. ಅಹಮದಾಬಾದಿಗೂ ವಡೋದರಾಕ್ಕೂ ನಡುವೆ ಇರುವ ಆಣಂದ್‌ನ ಹಾಲು ಮಾರಾಟ ಮಹಾಮಂಡಳ, ಅಂದರೆ ಅಮುಲ್, 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ‘ಅಮುಲ್’ ಜೊತೆಗೆ ‘ಫ್ರಾಂಚೈಸ್’ ಎಂಬ ಪದ ಸೇರಿಸಿ, ಕೊನೆಗೆ ಡಾಟ್ ಇನ್ ಹಚ್ಚಿದ ಸೈಟುಗಳು ಹುಟ್ಟಿಕೊಂಡಿದ್ದವು. ಅಮುಲ್ ಮಳಿಗೆ ಕೊಡಿಸುತ್ತೇವೆಂದು ಜನರಿಂದ ಹಣ ಕಟ್ಟಿಸಿಕೊಳ್ಳುವುದು ಅವುಗಳ ದಂಧೆ. ನ್ಯಾಯಾಲಯ ಆ ಡೊಮೈನ್‌ಗಳನ್ನು ಅಮಾನತಿನಲ್ಲಿಡಲು ಆದೇಶಿಸಿತು. ಅಮುಲ್‌ಗೆ ವಕೀಲರಿದ್ದಾರೆ, ಟ್ರೇಡ್‌ಮಾರ್ಕ್ ಇದೆ, ದೆಹಲಿಯವರೆಗೆ ಹೋಗುವ ಶಕ್ತಿ ಇದೆ. ನರೋಡಾದ ಬಣ್ಣದ ಕಾರ್ಖಾನೆಗೆ ಏನಿದೆ? ಅದಕ್ಕೆ ಬರುವ ಮೋಸವೂ ಬೇರೆ ತರಹದ್ದು. ಅದರ ಹೆಸರನ್ನೇ ಹೋಲುವ ಇನ್ನೊಂದು ಡೊಮೈನನ್ನು ಯಾರೋ ನೋಂದಾಯಿಸುತ್ತಾರೆ. ಇಂಗ್ಲಿಷಿನ ‘ಎಮ್’ ಅಕ್ಷರದ ಜಾಗದಲ್ಲಿ ‘ಆರ್’ ಮತ್ತು ‘ಎನ್’ ಒತ್ತಾಗಿ ಇಟ್ಟರೆ ಸಣ್ಣ ಅಕ್ಷರದಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿಂದ ವಿದೇಶಿ ಗ್ರಾಹಕನಿಗೆ ಮೇಲ್ ಹೋಗುತ್ತದೆ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಕಂತನ್ನು ಇಲ್ಲಿ ಹಾಕಿ. ಕಂಟೇನರ್ ಬಂದರು ತಲುಪುವ ಹೊತ್ತಿಗೆ ಹಣ ಬೇರೆಲ್ಲೋ ತಲುಪಿರುತ್ತದೆ.

ಕಾನೂನು ಇಲ್ಲವೆಂದಲ್ಲ. ಡೊಮೈನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಹೆಸರಿನಷ್ಟೇ ರಕ್ಷಣೆ ಅದಕ್ಕೂ ಉಂಟು ಎಂದು ಸುಪ್ರೀಂ ಕೋರ್ಟ್ 2004ರ ಮೇ 6ರಂದು ತೀರ್ಪು ಕೊಟ್ಟಿತು. ಆ ವ್ಯಾಜ್ಯ ಹುಟ್ಟಿದ್ದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ. ಸತ್ಯಂ ಇನ್ಫೋವೇ ತನ್ನ ಹೆಸರನ್ನೇ ಮೊಟಕುಗೊಳಿಸಿ ‘ಸಿಫಿ’ ಎಂಬ ಪದ ಕಟ್ಟಿಕೊಂಡಿತ್ತು. ಇನ್ನೊಂದು ಕಂಪನಿ ‘ಸಿಫಿನೆಟ್’ ಎಂದು ಉಚ್ಚಾರವಾಗುವ ಡೊಮೈನ್ ಹಿಡಿದು, ಅದು ತಮ್ಮ ಐವರು ಪ್ರವರ್ತಕರ ಹೆಸರಿನ ಮೊದಲಕ್ಷರಗಳಿಂದ ಬಂದದ್ದು ಎಂದು ವಾದಿಸಿತು. ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟ್ ಅದನ್ನು ತೆರವು ಮಾಡಿತು, ಸುಪ್ರೀಂ ಕೋರ್ಟ್ ಮತ್ತೆ ಕೊಟ್ಟಿತು. ಡೊಮೈನ್‌ಗೆಂದೇ ಬೇರೆ ಕಾಯ್ದೆ ನಮ್ಮಲ್ಲಿ ಇಲ್ಲದಿದ್ದರೂ ಟ್ರೇಡ್‌ಮಾರ್ಕ್ ಕಾನೂನಿನ ತತ್ವಗಳೇ ಸಾಕು ಎಂಬುದು ಆ ತೀರ್ಪಿನ ತಿರುಳು. ಮುಂದಿನ ವರ್ಷಗಳಲ್ಲಿ ನಿಕ್ಸಿ ತನ್ನದೇ ಮಧ್ಯಸ್ಥಿಕೆ ವ್ಯವಸ್ಥೆಯನ್ನೂ ತಂದಿತು. ದುರುದ್ದೇಶದ ನೋಂದಣಿಯನ್ನು ಕಿತ್ತು ಹಕ್ಕುದಾರರಿಗೆ ಕೊಡಿಸಲು ಕೋರ್ಟಿಗಿಂತ ಹತ್ತಿರದ ದಾರಿ ಅದು. ಆದರೆ ಇವೆಲ್ಲ ಇಬ್ಬರು ಹೊರಗಿನವರ ನಡುವಣ ಜಗಳಕ್ಕೆ ಹೊಂದುವ ಪರಿಹಾರಗಳು. ತಾನೇ ದುಡ್ಡು ಕೊಟ್ಟು ಮಾಡಿಸಿದ ಹೆಸರು ತನ್ನ ಡಿಸೈನರನ ಖಾತೆಯಲ್ಲಿ ಸಿಕ್ಕಿಕೊಂಡವನು ವಂಚನೆಗೊಳಗಾದೆ ಎಂದು ಸಾಬೀತು ಮಾಡುವುದು ಹೇಗೆ? ಒಪ್ಪಂದ ಬಾಯಿಮಾತಿನದು, ರಸೀದಿ ವಾಟ್ಸ್‌ಆ್ಯಪ್‌ನಲ್ಲಿ, ಕಡತದಲ್ಲಿ ಮಾಲೀಕರ ಹೆಸರೇ ಇಲ್ಲ.

ನವೀಕರಣದ ಗಡಿಯಾರ ಬೇರೆ ಓಡುತ್ತಿರುತ್ತದೆ. ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ ಕೆಲವು ವಾರ ಕಾಯಬಹುದು. ಹೆಸರನ್ನು ಅಳಿಸಲು ಹಾಕಿದ ಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವಿದೆ. ಕೊನೆಯ 5 ದಿನ ಏನೂ ಮಾಡಲಾಗದು. ಆಮೇಲೆ ಅದು ಬಯಲಿನ ಸ್ವತ್ತು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಇಷ್ಟೆಲ್ಲ ಗಡುವುಗಳ ಎಚ್ಚರಿಕೆ ಹೋಗುವುದು ಕಡತದಲ್ಲಿರುವ ಇಮೇಲಿಗೆ, ಅಂದರೆ ಆ ಹುಡುಗನಿಗೆ, ಅದೂ ಇಂಗ್ಲಿಷಿನಲ್ಲಿ. ಭಾಷೆಯ ಮಾತು ಬಂದದ್ದರಿಂದ ಹೇಳಲೇಬೇಕು: ಹೆಸರಿನ ಮಟ್ಟಿಗೆ ಭಾರತ ಯಾವ ದೇಶವೂ ಮಾಡದಷ್ಟು ಮಾಡಿದೆ. ಗುಜರಾತಿ ಲಿಪಿಯ ಡಾಟ್ ಭಾರತ 2011ರಲ್ಲೇ ಇಂಟರ್‌ನೆಟ್‌ನ ಡೊಮೈನ್ ಮೂಲಪಟ್ಟಿಗೆ ಸೇರಿತು. ಕನ್ನಡದ್ದು ಕೆಲವು ವರ್ಷ ತಡವಾಗಿ ಬಂತು. ಯಂತ್ರಕ್ಕೆ ನಮ್ಮ ಲಿಪಿ ತಿಳಿಯದ ಕಾರಣ ಇವನ್ನು ಪುನಿಕೋಡ್ ಎಂಬ ಸಂಕೇತಕ್ಕೆ ಇಳಿಸುತ್ತಾರೆ. ಕನ್ನಡದ ಡಾಟ್ ಭಾರತ ಅಲ್ಲಿ ಎಕ್ಸ್, ಎನ್, ಎರಡು ಅಡ್ಡಗೆರೆ, ಬಳಿಕ 2, ಎಸ್, ಸಿ, ಆರ್, ಜೆ, 9, ಸಿ ಎಂದಾಗುತ್ತದೆ. ಗುಜರಾತಿಯದು ಅದೇ ತಲೆ, ಬಳಿಕ ಜಿ, ಇ, ಸಿ, ಆರ್, ಜೆ, 9, ಸಿ. ಕೊನೆಯ ನಾಲ್ಕು ಗುರುತುಗಳು ಎರಡರಲ್ಲೂ ಒಂದೇ, ದೇವನಾಗರಿ, ಬಂಗಾಳಿ, ಗುರುಮುಖಿ, ಒಡಿಯಾಗಳಲ್ಲೂ ಅವೇ. ಯೂನಿಕೋಡ್‌ನಲ್ಲಿ ಭಾರತೀಯ ಲಿಪಿಗಳನ್ನು ಒಂದೇ ವರ್ಣಕ್ರಮದಲ್ಲಿ ಜೋಡಿಸಿರುವುದರಿಂದ ಭ, ರ, ತಗಳ ನಡುವಿನ ಅಂತರ ಎಲ್ಲ ಕಡೆ ಸಮ. ಮೊದಲ ಮೂರು ಗುರುತು ಮಾತ್ರ ಯಾವ ಲಿಪಿ ಎಂದು ಹೇಳುತ್ತವೆ. ಇಷ್ಟು ಅಚ್ಚುಕಟ್ಟಾದ ಕೆಲಸದ ಮುಂದೆ ನೋಂದಣಿ ಅರ್ಜಿ, ಷರತ್ತು, ನವೀಕರಣದ ನೋಟಿಸು ಎಲ್ಲ ಇಂಗ್ಲಿಷಿನಲ್ಲೇ ಉಳಿದಿರುವುದು ವಿಚಿತ್ರ. ಗುಜರಾತಿಯಲ್ಲಿ ಲೆಕ್ಕ ಬರೆಯುವ ವ್ಯಾಪಾರಿ ತನ್ನ ಡೊಮೈನನ್ನು ಬೇರೆಯವರ ಕೈಗೆ ಬಿಡುವುದಕ್ಕೆ ಸೋಮಾರಿತನಕ್ಕಿಂತ ಇದೇ ದೊಡ್ಡ ಕಾರಣ ಎಂದು ನನ್ನ ಎಣಿಕೆ.

ಹಾಗಾದರೆ ಎಲ್ಲರ ಗುರುತನ್ನೂ ಪರಿಶೀಲಿಸಿಬಿಡೋಣವೇ? ಸರ್ಕಾರದ ಒಲವು ಅತ್ತ ಇದೆ. ಅದರ ಅತಿ ಬಿಗಿಯಾದ ರೂಪ ಡಾಟ್ ಬ್ಯಾಂಕ್ ಡಾಟ್ ಇನ್. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಘೋಷಿಸಿತು. ಆ ವರ್ಷದ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ಈ ವಿಳಾಸಕ್ಕೆ ಬರಬೇಕೆಂದು ಸುತ್ತೋಲೆ ಹೊರಟಿತು. ನೋಂದಣಿ ಮಾಡಿಕೊಡುವ ಹಕ್ಕು ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿಯೊಂದಕ್ಕೇ. ಗುಜರಾತಿನಂತೆ ನಗರ ಸಹಕಾರಿ ಬ್ಯಾಂಕುಗಳು ತುಂಬಿರುವ ರಾಜ್ಯದಲ್ಲಿ ಇದರ ಅನುಕೂಲ ಸ್ಪಷ್ಟ: ವಿಳಾಸದ ಬಾಲ ನೋಡಿದರೆ ಸಾಕು, ಅದು ಪರವಾನಗಿ ಇರುವ ಬ್ಯಾಂಕೇ ಎಂದು ಠೇವಣಿದಾರರಿಗೆ ತಿಳಿಯುತ್ತದೆ. 1990ರ ದಶಕದ ಮುಚ್ಚಿದ ಬಾಗಿಲು ಬ್ಯಾಂಕುಗಳ ಮಟ್ಟಿಗೆ ಮರಳಿ ಬಂದಂತಾಯಿತು, ಅಲ್ಲಿ ಅದು ತಕ್ಕದ್ದೇ. ಬ್ಯಾಂಕುಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಬಳಿ ಮೊದಲೇ ಇದೆ.

ಆದರೆ ಅದೇ ಬಿಗಿಯನ್ನು ಉಳಿದ 40 ಲಕ್ಷಕ್ಕೆ ಹಾಕಿದರೆ ಏನಾದೀತು ಎಂಬುದನ್ನು ಚೀನಾ ತೋರಿಸಿಕೊಟ್ಟಿದೆ. 2009ರ ಡಿಸೆಂಬರಿನಲ್ಲಿ ಅದು ಡಾಟ್ ಸಿಎನ್ ನೋಂದಣಿಗೆ ವ್ಯಾಪಾರ ಪರವಾನಗಿಯ ಕಾಗದ ಕಡ್ಡಾಯ ಮಾಡಿತು. ಖಾಸಗಿ ವ್ಯಕ್ತಿಗಳಿಗೆ ಬಾಗಿಲೇ ಮುಚ್ಚಿತು. 1 ಕೋಟಿ 30 ಲಕ್ಷ ದಾಟಿದ್ದ ಹೆಸರುಗಳು 2011ರ ಮಧ್ಯದ ಹೊತ್ತಿಗೆ 40 ಲಕ್ಷಕ್ಕಿಂತ ಕೆಳಗಿಳಿದವು. ಅಗ್ಗದ ದರದ ದಿನಗಳು ಮುಗಿದದ್ದೂ ಒಂದು ಕಾರಣವಿರಬಹುದು. ಆದರೆ ವ್ಯಕ್ತಿಗಳಿಗೆ 2012ರಲ್ಲಿ ಮತ್ತೆ ಬಾಗಿಲು ತೆರೆಯಬೇಕಾಯಿತು ಎಂಬುದೇ ಆ ನೀತಿಯ ಮೇಲಿನ ಟೀಕೆ. ಇನ್ನೊಂದು ತುದಿಯಲ್ಲಿ ಡೆನ್ಮಾರ್ಕ್ ಇದೆ. 2017ರ ನಂತರ ಅದರ ರಿಜಿಸ್ಟ್ರಿ ಅಪಾಯ ಕಂಡಲ್ಲಿ ಹೆಚ್ಚು ಕೇಳಿ, ಉಳಿದೆಡೆ ಸುಲಭವಾಗಿ ಬಿಟ್ಟು, ತನ್ನ ನಾಗರಿಕರಿಗೆ ಇರುವ ಡಿಜಿಟಲ್ ಗುರುತನ್ನೇ ಬಳಸಿತು. ನಕಲಿ ಅಂಗಡಿಗಳ ಕಾಟ ಅಲ್ಲಿ ಎದ್ದು ಕಾಣುವಷ್ಟು ಇಳಿಯಿತು.

ಪರಿಶೀಲನೆಗೆ ಬರುವ ಗಟ್ಟಿಯಾದ ವಿರೋಧ ಖಾಸಗಿತನದ್ದು, ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆಳುವವರನ್ನು ಟೀಕಿಸಿ ಬರೆಯುವವರು ತಮ್ಮ ಮನೆ ವಿಳಾಸವನ್ನು ಜಗತ್ತಿಗೆ ತೋರಿಸಬೇಕೇ? ಈ ಹೆದರಿಕೆಯಲ್ಲಿ ಎರಡು ಬೇರೆ ಪ್ರಶ್ನೆಗಳು ಬೆರೆತಿವೆ: ದಾಖಲೆಯಲ್ಲಿ ಏನಿದೆ, ದಾಖಲೆಯನ್ನು ಯಾರು ನೋಡಬಹುದು. ಇನ್ನೊಬ್ಬರ ಹೆಸರಿನ ಮರೆಯಲ್ಲಿ ನೋಂದಾಯಿಸುವ ಪ್ರಾಕ್ಸಿ ಸೇವೆಯನ್ನು ಡಾಟ್ ಇನ್ ನಿಯಮ ಒಪ್ಪುವುದಿಲ್ಲ. ಹಾಗಿದ್ದೂ ಹೊರಗಿನವರು ಹುಡುಕಿದರೆ ವೈಯಕ್ತಿಕ ವಿವರಗಳ ಬಹುಭಾಗ ಮುಚ್ಚಿಯೇ ಇರುತ್ತದೆ. ಈ ಏರ್ಪಾಡು ಸರಿಯಾದದ್ದೇ. ಇಲ್ಲದ್ದು ಮೂರನೆಯ ಸಂಗತಿ: ಯಾವ ಅಧಿಕಾರಿ, ಯಾವ ಕಾರಣಕ್ಕೆ, ಎಷ್ಟು ಸಲ ಮುಚ್ಚಿದ್ದನ್ನು ತೆರೆದು ನೋಡಿದ ಎಂಬ ವಾರ್ಷಿಕ ಲೆಕ್ಕ. ಟ್ರಸ್ಟಿ ಎಂಬ ಮಾತಿಗೆ ಬೆಲೆ ಇದ್ದರೆ ನಿಕ್ಸಿ ಆ ಲೆಕ್ಕ ಪ್ರಕಟಿಸಬೇಕು. ಅಷ್ಟು ಮಾಡದೆ ಬರೀ ಗುರುತು ಪರಿಶೀಲನೆ ಹೇರಿದರೆ ವಿರೋಧಿಸುವವರ ಪಕ್ಷವೇ ಸರಿ.

ಇನ್ನೊಂದು ಮಾತು ಸೂರತ್‌ನ ರಿಂಗ್ ರೋಡಿನ ಬಟ್ಟೆ ಮಾರುಕಟ್ಟೆಯಲ್ಲಿ ಸುಲಭವಾಗಿ ಕಿವಿಗೆ ಬೀಳುವಂಥದ್ದು: ಡೊಮೈನ್ ಈಗ ಯಾರಿಗೆ ಬೇಕು? ಸೀರೆಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ, ಆರ್ಡರ್ ಅಲ್ಲೇ ಬರುತ್ತದೆ, ಹಣ ಯುಪಿಐನಲ್ಲಿ. ದೇಶದೊಳಗಿನ ಚಿಲ್ಲರೆ ವ್ಯಾಪಾರಕ್ಕೆ ಇದು ಬಹುಮಟ್ಟಿಗೆ ನಿಜ. ಆದರೆ ಆ ಖಾತೆ ಒಂದು ಬೆಳಿಗ್ಗೆ ಬಂದ್ ಆದರೆ ಕೇಳಲು ಯಾವ ಮಧ್ಯಸ್ಥಿಕೆಯೂ ಇಲ್ಲ, ಬೆಂಗಳೂರಿನಲ್ಲಿ ಹುಟ್ಟಿ ಸುಪ್ರೀಂ ಕೋರ್ಟ್ ತಲುಪಿದಂಥ ತೀರ್ಪೂ ಇಲ್ಲ. ಡೊಮೈನ್‌ಗೆ ಅವೆರಡೂ ಇವೆ. ರಾಸಾಯನಿಕ ಕೊಳ್ಳುವ ಜರ್ಮನಿಯ ಕಂಪನಿಯಂತೂ ಕರಾರು ಪತ್ರವನ್ನು ಜಿಮೇಲ್ ವಿಳಾಸಕ್ಕೆ ಕಳಿಸಲು ಇಂದಿಗೂ ಹಿಂದೆಮುಂದೆ ನೋಡುತ್ತದೆ.

ಮಾಡಬೇಕಾದ್ದು ಹೆಚ್ಚೇನಿಲ್ಲ. ವ್ಯಾಪಾರದ ಹೆಸರಿನಲ್ಲಿ ಡೊಮೈನ್ ಪಡೆಯುವಾಗ ಜಿಎಸ್‌ಟಿ ಸಂಖ್ಯೆಯನ್ನು ಅಥವಾ ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಸಂಖ್ಯೆಯನ್ನು ಐಚ್ಛಿಕವಾಗಿ ಸೇರಿಸಲು ಒಂದು ಅಂಕಣ ಕೊಡಬಹುದು. ಅದನ್ನು ತುಂಬಿದವರ ಹೆಸರನ್ನು ಡಿಸೈನರನ ಪಾಸ್‌ವರ್ಡ್ ಒಂದರಿಂದಲೇ ಬದಲಿಸಲು ಬಾರದಂತೆ ಬಿಗಿ ಮಾಡಬಹುದು. ಅವಧಿ ಮುಗಿಯುವ ಮುನ್ನ ಮಾಲೀಕರ ಸ್ವಂತ ಮೊಬೈಲಿಗೆ, ಅವರು ಆರಿಸಿದ ಭಾಷೆಯಲ್ಲಿ, ಒಂದು ಎಸ್ಸೆಮ್ಮೆಸ್ ಹೋಗಬೇಕು. ನೋಂದಣಿ ಮಾಡಿಸಿಕೊಡುವವನು ತನ್ನ ಇಮೇಲನ್ನೇ ಮಾಲೀಕರ ಜಾಗದಲ್ಲಿ ತುಂಬಿದರೆ ಅದು ನಿಯಮಭಂಗ ಎಂದು ರಿಜಿಸ್ಟ್ರಾರನಿಗೂ, ಅವನ ಕೆಳಗಿನ ಮರುಮಾರಾಟಗಾರನಿಗೂ ಅನ್ವಯವಾಗುವಂತೆ ಬರೆಯಬೇಕು. ಖರ್ಚು ಎಲ್ಲಿಂದ ಎನ್ನುವವರಿಗೆ ಉತ್ತರ ಆ ವ್ಯವಸ್ಥೆಯಲ್ಲೇ ಇದೆ: ಪ್ರತಿ ಹೆಸರಿಗೂ ಪ್ರತಿ ವರ್ಷ ಶುಲ್ಕ ಸಂದಾಯವಾಗುತ್ತದೆ, ನಿಕ್ಸಿ ಲಾಭ ಹಂಚುವ ಕಂಪನಿಯಲ್ಲ. ಇದಕ್ಕೆ ಸಂಸತ್ತಿನಲ್ಲಿ ಮಸೂದೆಯೂ ಬೇಕಾಗಿಲ್ಲ, ಟೂಕೌಸ್‌ನ ಜಾಗಕ್ಕೆ ಸ್ವದೇಶಿ ಕಂಪನಿ ಬರುವವರೆಗೆ ಕಾಯಬೇಕಾಗಿಯೂ ಇಲ್ಲ; ನಿಕ್ಸಿ ತನ್ನ ರಿಜಿಸ್ಟ್ರಾರ್‌ಗಳೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಕೆಲವು ಕಲಂಗಳನ್ನು ಸೇರಿಸಿದರೆ ಆಯಿತು.